ಚೆನ್ನಂಪಾಳ್ಯದಲ್ಲಿ ರೈಲು ನಿಂತದ್ದು

ಚೆನ್ನಂಪಾಳ್ಯದ ರೈಲು ನಿಲ್ದಾಣದ ಚರಿತ್ರೆ ಗೊತ್ತಿರುವುದು ಮುತ್ತಮ್ಮಾಳಜ್ಜಿಗೆ ಮಾತ್ರ. ಕಲ್ಲಿದ್ದಲು ಎಂಜಿನ್ನಿನ ಕಾಲದಲ್ಲಿ ಇಲ್ಲಿ ಹತ್ತಿಮೂಟೆ ಏರುತ್ತಿದ್ದವಂತೆ. ಅಜ್ಜಿ ಮದುವಣಗಿತ್ತಿಯಾಗಿ ಇಳಿದದ್ದೂ ಇಲ್ಲೇ. ಮುಖವೆಲ್ಲ ಮಸಿಯಾಗಿ, ಹುಡುಗಿಯೇ ಬದಲಾಗಿದ್ದಾಳೆ ಎಂದು ಅತ್ತೆ ರಂಪ ಮಾಡಿದ್ದಳಂತೆ. ಅಂಥ ನಿಲ್ದಾಣದಲ್ಲಿ ಕೊರೊನಾ ಕಾಲಕ್ಕೆ ತಪ್ಪಿದ ರೈಲು ಮತ್ತೆ ನಿಲ್ಲಲೇ ಇಲ್ಲ. ಊರವರು ಕೇಳಿ ಕೇಳಿ ಸಾಕಾದ ಮೇಲೆ, ಬೆಳಗ್ಗೆ ಕೊಯಮತ್ತೂರಿಗೆ ಹೋಗಿ ಸಂಜೆ ಮರಳುವ ಪ್ಯಾಸೆಂಜರ್ ಗಾಡಿಯನ್ನು ಕೆಲವು ದಿನ ನಿಲ್ಲಿಸಿ ನೋಡುವುದೆಂದಾಯಿತು. ಜನ ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾಲ್ಕು ತರಿ, ಅಂದರೆ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ಚೆನ್ನಕೇಶವನ್‌ಗೆ ಈ ರೈಲು ಬೇಕೇ ಬೇಕಿತ್ತು. ಮಗಳು ಶೋಭನಾಗೆ ಕೊಯಮತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ರೈಲು ನಿಂತರೆ ಮನೆಯಿಂದಲೇ ಓಡಾಟ, ಇಲ್ಲವಾದರೆ ಹಾಸ್ಟೆಲ್. ಮಗಳಿಲ್ಲದೆ ರಾತ್ರಿ ಊಟಕ್ಕೆ ಕೂರುವುದನ್ನು ನೆನೆದರೇ ಅವನ ಕಣ್ಣು ತುಂಬುತ್ತಿತ್ತು.

ಶೋಭನಾ ಕೆಲಸಕ್ಕೆ ಸೇರುವ ದಿನವೇ ರೈಲು ನಿಲ್ಲಿಸಿ ನೋಡುವ ಪರೀಕ್ಷೆಯ ಕೊನೆಯ ದಿನವೂ ಆಯಿತು. ರೈಲ್ವೆ ಅಧಿಕಾರಿ ಬರುತ್ತಾರೆಂದು ತಿಳಿದು ಚೆನ್ನಕೇಶವನ್ ಬೀದಿಯ ಜನರನ್ನೆಲ್ಲ ಹೊರಡಿಸಿದ. ಪ್ಲಾಟ್‌ಫಾರಂ ಕಿಕ್ಕಿರಿಯಿತು. ಟಿಕೆಟ್ ಕಿಟಕಿಯ ಮುಂದೆ ಮಾತ್ರ ಶೋಭನಾ ಒಬ್ಬಳೇ.

“ಟಿಕೆಟ್ ತಗೊಳ್ಳಲಿಲ್ವೇನ್ರೋ?” ಎಂದ ಚೆನ್ನಕೇಶವನ್.

“ಟಿಕೆಟ್ ಯಾಕಣ್ಣಾ? ಪಾಪೂನ ಕಳ್ಸೋಕ್ ಬಂದಿರೋದಲ್ವಾ ನಾವು!” ಎಂದ ಪಕ್ಕದ ಮನೆಯ ದೀನದಯಾಳನ್. ಶೋಭನಾ ಬೀದಿಗೆಲ್ಲ ಇನ್ನೂ ಪಾಪುವೇ. ಒಬ್ಬರು ಹೊರಟರೆ ಇಡೀ ಬೀದಿ ಹೋಗಿ ಕಳಿಸಿಕೊಡುವುದು ಅವರ ಪದ್ಧತಿ. ಮುತ್ತಮ್ಮಾಳಜ್ಜಿ ಪುಳಿಯೋಗರೆಯ ಡಬ್ಬಿಯನ್ನೂ ತಂದಿದ್ದಳು.

ಅಷ್ಟರಲ್ಲಿ ಅಧಿಕಾರಿ ಫೋನಿನಲ್ಲಿ ಹಿಂದಿ ಮಾತಾಡುತ್ತ ಬಂದೇಬಿಟ್ಟರು.

“ವಣಕ್ಕಂ ಸಾರ್! ಎವ್ವಳವು ಕೂಟ್ಟಂ ಪಾರುಂಗ!” ಎಂದು ಚೆನ್ನಕೇಶವನ್ ತಮಿಳಿನಲ್ಲಿ ಜನಜಂಗುಳಿ ತೋರಿಸಿದ. ಅಧಿಕಾರಿ ತಡವರಿಸುತ್ತ, “ಸರಿ, ಸರಿ” ಎಂದರು. ತಮಿಳು ಬಾರದವರೆಂದು ಖಾತ್ರಿಯಾಯಿತು. ಇನ್ನು ಕನ್ನಡವಂತೂ ಬಂದ ಹಾಗೇ! ತಿರುಪ್ಪೂರಿನಲ್ಲಿ ನೂಲಿನ ವ್ಯಾಪಾರಿಯ ಎದುರಿಗೇ ಗುಟ್ಟು ಮಾತಾಡಲು ಬೀದಿಯವರೆಲ್ಲ ತಮ್ಮ ಮನೆಮಾತಾದ ಕನ್ನಡವನ್ನೇ ಬಳಸುವುದು. ಚೆನ್ನಕೇಶವನ್ ಧೈರ್ಯವಾಗಿ ಗಂಟಲೆತ್ತಿದ.

“ಎಲ್ರೂ ಕೊಯಮತ್ತೂರಿಗೇ ಟಿಕೆಟ್ ತಗೊಂಡು ಹತ್ರಿ. ಮುಂದಿನ ಸ್ಟೇಷನ್ನಲ್ಲಿ ಇಳ್ದು ಬಸ್ಸಲ್ಲಿ ಬಂದ್ಬಿಡಿ. ಈ ಮನುಷನಿಗೆ ಏನೂ ತಿಳಿಯಲ್ಲ. ಮುಖ ನೋಡಿ, ಪಾಪದ ಪ್ರಾಣಿ!”

“ನಾ ಬನಿಯನ್ನಲ್ಲೇ ಬಂದಿದೀನಲ್ಲಣ್ಣಾ,” ಎಂದ ದೀನದಯಾಳನ್.

“ಒಂದ್ ಸ್ಟೇಷನ್‌ಗೆ ಕೋಟು ಬೇಕೇನೋ ನಿಂಗೆ?”

ಎಲ್ಲರೂ ಟಿಕೆಟ್ ಕೊಳ್ಳುವಷ್ಟರಲ್ಲಿ ರೈಲು ಬಂತು. ಚೆನ್ನಕೇಶವನ್ ಎಲ್ಲರನ್ನೂ ಚೀಲಕ್ಕೆ ಹತ್ತಿ ತುರುಕಿದಂತೆ ಒಳಗೆ ತುರುಕಿ ತಾನೂ ಹತ್ತಿದ. ಕೊನೆಗೆ ಅಧಿಕಾರಿಯೂ ಹತ್ತಿದರು. ಮುಂದಿನ ಸ್ಟೇಷನ್ ಬಂದಾಗ ಬೀದಿಯೆಲ್ಲ ಎದ್ದು ನಿಂತಿತು. ಬಾಗಿಲಿಗೆ ಅಡ್ಡವಾಗಿ ಅಧಿಕಾರಿ ನಿಂತಿದ್ದರು.

“ಎಲ್ಲಿಗೆ ಹೊರಟ್ರಿ? ಟಿಕೆಟ್ ಕೊಯಮತ್ತೂರಿಗೆ ಅಲ್ವಾ? ಕೂತ್ಕೊಳ್ಳಿ,” ಎಂದರು, ಅಚ್ಚ ಕನ್ನಡದಲ್ಲಿ. “ನನ್ನ ಹೆಸರು ರಾಮಚಂದ್ರ, ದಾವಣಗೆರೆಯವನು. ಪಾಪದ ಪ್ರಾಣಿ ಅಂದ್ರೂ ನಡಿಯುತ್ತೆ.”

ಚೆನ್ನಕೇಶವನ್ ಎದ್ದ ಜಾಗದಲ್ಲೇ ಮತ್ತೆ ಕೂತುಬಿಟ್ಟ. ಮೊದಲು ಸುಧಾರಿಸಿಕೊಂಡವಳು ಮುತ್ತಮ್ಮಾಳಜ್ಜಿ. “ನಮ್ ಹುಡುಗನಾ! ಮೊದ್ಲೇ ಹೇಳ್ಬಾರ್ದೇನಪ್ಪಾ?” ಎಂದು ಡಬ್ಬಿ ಬಿಚ್ಚಿದಳು. ಅಧಿಕಾರಿ ಪುಳಿಯೋಗರೆ ತಿನ್ನುತ್ತ ಎಂಜಿನ್ನಿನ ಮಸಿ, ಅತ್ತೆಯ ರಂಪ ಎಲ್ಲ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತ ದೀನದಯಾಳನ್ ಬೋಗಿಯಲ್ಲಿದ್ದ ಹುಡುಗರನ್ನೆಲ್ಲ ತಡೆದು, “ನಮ್ ಪಾಪೂಗೆ ಕೆಲಸ ಸಿಕ್ಕಿದೆ, ನಿಂಗೆ ಮದುವೆ ಆಗಿದ್ಯಾ?” ಎಂದು ತಮಿಳಿನಲ್ಲಿ ವಿಚಾರಿಸುತ್ತಿದ್ದ. ಶೋಭನಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಕೊಯಮತ್ತೂರಿನಲ್ಲಿ ಇಳಿದಾಗ ಚೆನ್ನಕೇಶವನ್ ಕೈಮುಗಿದ. “ತಪ್ಪಾಯ್ತು ಸಾರ್. ಮಗಳನ್ನ ಹಾಸ್ಟೆಲ್‌ಗೆ ಬಿಡೋಕೆ ಮನಸ್ಸು ಬರ್ಲಿಲ್ಲ.”

“ಇನ್ನೊಂದಷ್ಟು ತಿಂಗಳು ನಿಲ್ಲಿಸಿ ನೋಡೋಣ ಅಂತ ಬರೀತೀನಿ. ಆದ್ರೆ ನೀವು ದಿನಾ ನಿಜವಾಗ್ಲೂ ಹತ್ತಬೇಕು.”

“ಹತ್ತದೆ ಏನ್ ಸಾರ್! ದಿನಾ ಬೀದಿಗೆ ಬೀದೀನೇ ಬಂದು ಪಾಪೂನ ಬಿಟ್ಟು ಹೋಗ್ತೀವಿ!” ಎಂದ ದೀನದಯಾಳನ್ ಬನಿಯನ್ ಸರಿಮಾಡಿಕೊಳ್ಳುತ್ತ. “ಇವತ್ತೂ ಆಸ್ಪತ್ರೆ ಒಳಗಿನ ತನಕ ಬರ್ತೀವಿ.”

ಬೀದಿಯೆಲ್ಲ ಹೋ ಎಂದು ಒಪ್ಪಿತು. ಚೆನ್ನಕೇಶವನ್ ಗೆದ್ದ ಸಂಭ್ರಮದಲ್ಲಿ ಮಗಳತ್ತ ತಿರುಗಿದ.

“ಕೇಳ್ಸಿಕೊಂಡ್ಯಾ ಕಣ್ಣಾ? ರೈಲು ನಿಲ್ಲುತ್ತೆ!”

ಶೋಭನಾ ಬನಿಯನ್ನನ್ನೂ ಖಾಲಿ ಡಬ್ಬಿಯನ್ನೂ ನೋಡಿ ಅಪ್ಪನ ಕೈ ಹಿಡಿದುಕೊಂಡಳು. “ಕೇಳ್ಸ್ತು ಅಪ್ಪಾ. ತುಂಬಾ ಸಂತೋಷ. ಶನಿವಾರ ಶನಿವಾರ ಅದ್ರಲ್ಲೇ ಮನೆಗೆ ಬರ್ತೀನಿ. ಈಗ ಆ ಹಾಸ್ಟೆಲ್ ಎಲ್ಲಿದೆ, ತೋರ್ಸಿ.”