ಪಾಚಿಯ ಮನೆಯ ಬಾಡಿಗೆದಾರ

ಅಂಕಮ್ಮನಿಗೆ ಕರುಣೆ ಬಂದದ್ದೇ ತಪ್ಪಾಯಿತು. ಮದ್ದೂರಿನ ಅವಳ ಮಹಡಿಯಲ್ಲಿ ಬಾಡಿಗೆಗಿದ್ದ ಯತೀಶನ ಕಿಟಕಿಯಲ್ಲಿ ಒಂದು ಬಾಟಲಿ. ಅದರೊಳಗೆ ಕೆಂಪು ನೂಲಿನಂಥ ಗಿಡ ತೇಲುತ್ತಿತ್ತು. ಅವಳು ಆ ನೀರನ್ನು ನಾಲಿಗೆಗಿಟ್ಟು ನೋಡಿದಳು.

“ಉಪ್ಪುಪ್ಪು ಕಣಪ್ಪ! ನಮ್ ಗದ್ದೆ ಚೌಳಾಗಿ ಆಳಾಗಿದ್ದೂ ಇಂಗೇಯ. ಚೆಲ್ಬುಟ್ಟು ಕಾವೇರಿ ನೀರು ಉಯ್ದಿವ್ನಿ.”

ಯತೀಶ ತಲೆಯ ಮೇಲೆ ಕೈಹೊತ್ತ. ಅದು ಕಡಲ ಪಾಚಿ. ಸಿಹಿನೀರಿನಲ್ಲಿ ಅದರ ಜೀವಕೋಶಗಳು ಊದಿ ಒಡೆಯುತ್ತವೆ. ಜೀವಕೋಶವೆಂಬ ಮನೆಗೆ ಜೀನೋಮ್ ಎಂಬ ಮುಖ್ಯ ಡಿಎನ್‌ಎ ಯಜಮಾನ; ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಮಹಡಿಯ ಬಾಡಿಗೆದಾರ. ಬಾಡಿಗೆದಾರನ ಹೆಸರು ಯಜಮಾನನ ರೇಷನ್ ಕಾರ್ಡಿನಲ್ಲೂ ಸೇರಿಕೊಂಡಿದೆಯೇ, ಅಂದರೆ ಉಂಗುರದ ತುಣುಕು ಜೀನೋಮಿನೊಳಗೂ ಇದೆಯೇ ಎಂಬುದೇ ಅವನ ಸಂಶೋಧನೆ. ಮೊದಲು ಬಾಡಿಗೆದಾರನನ್ನು ಇಂದೇ ತೋರಿಸಬೇಕು. ಇಲ್ಲದಿದ್ದರೆ ಮಂಡ್ಯದ ಲ್ಯಾಬಿನಲ್ಲಿ ಅವನ ಜಾಗ ಸಹಪಾಠಿ ದೀಪಿಕಾಳ ಪಾಲು.

ಬಾಟಲಿಯನ್ನೂ ಅಡುಗೆ ಉಪ್ಪಿನ ಪೊಟ್ಟಣವನ್ನೂ ಹಿಡಿದು ಮಂಡ್ಯದ ಬಸ್ಸು ಹತ್ತಿದ. ಸಮುದ್ರದಲ್ಲಿ ಉಪ್ಪು ಲೀಟರಿಗೆ ಮೂವತ್ತೈದು ಗ್ರಾಂ ಎಂದು ಗೊತ್ತು, ತಕ್ಕಡಿ ಇಲ್ಲ; ಕೈಯಂದಾಜಿನಲ್ಲಿ ಒಂದಿಷ್ಟು ಸುರಿದ. ಪಕ್ಕದ ಸೀಟಿನ ಮುದ್ದಯ್ಯ ಬಾಟಲಿಗೆ ಬೆರಳದ್ದಿ ಚಪ್ಪರಿಸಿದ.

“ಸಪ್ಪೆ ಕಣ್ಲಾ. ಇನ್ನೊಸಿ ಆಕು.”

“ನೀವು ಸಮುದ್ರ ನೋಡಿದ್ದೀರಾ?”

“ಸಾರು ನೋಡಿಲ್ವಾ?”

ಹಿಂದಿನ ಸೀಟಿನಿಂದ ಮೆಕ್ಯಾನಿಕ್ ಬಾಬು ಜಾನ್ ಎದ್ದು ಬಂದ. “ಮಲ್ಪೆಲಿ ಒಂದ್ಸಲ ಮುಳುಗಿದ್ದೆ. ರುಚಿ ಇನ್ನೂ ಮೂಗ್ನಲ್ಲೈತೆ. ಕೊಡಿ ಇಲ್ಲಿ.”

ಬೆರಳದ್ದಿ, ಬಾಯಿಗಿಟ್ಟು, ಕಣ್ಣುಮುಚ್ಚಿ ನಿಂತ. ಬಸ್ಸೆಲ್ಲ ಅವನತ್ತ ಕತ್ತು ಚಾಚಿತು. ಹೊರಗೆ ಕಬ್ಬಿನ ಗದ್ದೆಗಳು ಅಲೆಯಲೆಯಾಗಿ ಹಿಂದೆ ಸರಿಯುತ್ತಿದ್ದವು. ಮೇಲೆ ಕೊಕ್ಕರೆಯೊಂದು ರೆಕ್ಕೆ ಬಡಿಯದೆ, ಎಲ್ಲಿಗೂ ಹೋಗಬೇಕಿಲ್ಲದ ದೋಣಿಯಂತೆ ತೇಲುತ್ತಿತ್ತು.

“ಇನ್ನೊಂದ್ ಚಿಟಿಕೆ.”

ಗೆಜ್ಜಲಗೆರೆಯಲ್ಲಿ ಹತ್ತಿದ ಕಾರ್ಖಾನೆಯವರೂ ಸಾಲಾಗಿ ಬೆರಳದ್ದಿದರು. ಕಂಡಕ್ಟರ್ ಎರಡು ಸಲ ಅದ್ದಿದ. ಮಂಡ್ಯ ಬರುವಷ್ಟರಲ್ಲಿ ಎಲ್ಲರೂ ಒಪ್ಪಿದರು: ಸಮುದ್ರ ಆಯಿತು.

ದಿನವಿಡೀ ಪಾಚಿ ಅರೆದು ಸೋಸಿದ ಮೇಲೆ, ಲ್ಯಾಬಿನ ನೇರಳೆ ಬೆಳಕಿನಡಿ ಪ್ಲಾಸ್ಮಿಡ್ ಉಂಗುರದ ಗೆರೆ ಹೊಳೆಯಿತು. ಯತೀಶನ ಕಣ್ಣು ಮಂಜಾಯಿತು.

ಮಾರ್ಗದರ್ಶಿ ಅಮೃತ ಮೇಡಂ ಬಾಟಲಿಯ ಹನಿಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. “ಬಾಡಿಗೆದಾರ ಸಿಕ್ಕಿದಾನೆ. ಆದ್ರೆ ಇಲ್ಲಿ ಪಾಚಿಗಿಂತ ಬ್ಯಾಕ್ಟೀರಿಯಾನೇ ಜಾಸ್ತಿ. ಅವಕ್ಕೂ ಪ್ಲಾಸ್ಮಿಡ್ ಇರುತ್ತೆ. ಇವನು ಯಾರ ಮನೆಯವನು?”

ಯತೀಶ ಬಸ್ಸಿನ ಕತೆ ಹೇಳಿದ.

“ಹಾಗಾದ್ರೆ ಅಷ್ಟೂ ಬೆರಳಿನ ಮಾದರಿ ತಾ. ಹೋಲಿಸಿ ನೋಡೋಣ. ಇಲ್ದಿದ್ರೆ ನಾಳೆಯಿಂದ ನಿನ್ ಜಾಗಕ್ಕೆ ದೀಪಿಕಾ.”

ಪುಣ್ಯಕ್ಕೆ ಸಂಜೆಯ ಬಸ್ಸಿನಲ್ಲಿ ಬೆಳಗಿನವರೆಲ್ಲ ಇದ್ದರು. ಯತೀಶ ಹತ್ತಿಕಡ್ಡಿಗಳ ಡಬ್ಬಿ ತೆರೆದು ಮುದ್ದಯ್ಯನ ಮುಂದೆ ನಿಂತ. “ಬೆರಳು ಕೊಡಿ.”

ಮುದ್ದಯ್ಯ ಹತ್ತೂ ಬೆರಳು ಚಾಚಿದ. ಬಸ್ಸಿನ ತುಂಬ ಸೋಪಿನ ಘಮ.

“ತಕೋ ಮಗ. ನಿನ್ ಸಮುದ್ರ ಅಂಟಂಟು ಕಣ್ಲಾ. ಎಲ್ರೂ ಬಸ್‌ಸ್ಟ್ಯಾಂಡಿನ ನಲ್ಲೀಲಿ ಉಜ್ಜುಜ್ಜಿ ತೊಳ್ಕಂಡ್ ಬಂದಿವಿ.”