ಸುಣ್ಣ ಹಚ್ಚದ ಧೂಮಕೇತು

ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂಬ ಹೆಮ್ಮೆ ಬಹಳ ವರ್ಷ ನನಗಿತ್ತು. ವಿಜ್ಞಾನದ ಮಾಸ್ತರಿಕೆಯ ಜೊತೆಗೇ ಅಂಟಿಕೊಳ್ಳುವ ಕಾಯಿಲೆ ಅದು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ವಾಡಿಯ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ಧೂಮಕೇತುವಿನ ನ್ಯೂಕ್ಲಿಯಸ್, ಅಂದರೆ ಅದರ ನಡುವಿನ ಗಟ್ಟಿ ಗಡ್ಡೆ, ಮಾಡಲು ಹೊರಟೆ. ಆಗಷ್ಟೇ ಯಾವುದೋ ನೌಕೆ ಒಂದು ಧೂಮಕೇತುವಿನ ಪಕ್ಕದಲ್ಲಿ ಹಾದುಹೋಗಿ ಫೋಟೊ ಕಳಿಸಿತ್ತು. ದೂರದಿಂದ ಬೆಳ್ಳಗೆ ಹೊಳೆಯುವ ಈ ಮಹಾರಾಯ ಹತ್ತಿರ ಹೋದರೆ ಇದ್ದಿಲಿನಷ್ಟು ಕಪ್ಪು, ಮೈತುಂಬ ಹಳ್ಳದಿಣ್ಣೆ. ಒಳಗಿನ ಹಿಮ ಬಿಸಿಲಿಗೆ ಆವಿಯಾಗಿ ಅಲ್ಲಲ್ಲಿ ಧೂಳು ಸಮೇತ ಚಿಮ್ಮುತ್ತದೆ. ನಾವು ಅಂಗಳದಲ್ಲಿ ನಿಂತು ಹೊಗಳುವ ಬಾಲದಲ್ಲಿ ಹೊಳೆಯುವುದು ಹೆಚ್ಚಾಗಿ ಆ ಧೂಳೇ.

ಧೂಳಿಗೆ ನಮ್ಮಲ್ಲಿ ಬರವೇ? ನಮ್ಮಣ್ಣ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದ. ಒಂದು ಚೀಲ ಕಲ್ಲುಪುಡಿ ತಂದಿಳಿಸಿ, ಕೆಮ್ಮು ನಿಂತ ಮೇಲೆ, “ಇಪ್ಪತ್ತ ವರ್ಷ ಇದರಾಗೇ ಕಳ್ದೀನಿ. ಇದು ಆಕಾಶದಾಗೂ ಅದ ಅಂತ ಗೊತ್ತೇ ಇದ್ದಿಲ್ಲ ನೋಡು” ಎಂದು ನಕ್ಕ. ಇದ್ದಿಲಪುಡಿ, ಅಂಟು ಸೇರಿಸಿ ಕಲಸಿದೆ. ಹೆಡ್‌ಮಾಸ್ತರು ಬಂದು ನೋಡಿದರು.

“ಮಾಸ್ತರ, ಸಾಹೇಬರು ಬರ್ಲಿಕತ್ತಾರ. ಈ ಸುಟ್ಟ ಬದನಿಕಾಯಿಗಿ ಸ್ವಲ್ಪ ಸುಣ್ಣ ಹಚ್ಚಿಸ್ರಿ, ಛಂದ ಕಾಣ್ತದ.”

“ಖರೇ ಇರೋದು ಕಪ್ಪೇ ರೀ ಸರ. ನಾ ಹಚ್ಚಂಗಿಲ್ಲ.”

ವಾರವಿಡೀ ಜಗಳವಾಡಿ ಗೆದ್ದೆ. ಗೆದ್ದದ್ದನ್ನು ಚಹಾದಂಗಡಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಸುದ್ದಿ ಶಹಾಬಾದಿಗೂ ಮುಟ್ಟಿತು.

ಮುಂದಿನ ರವಿವಾರ ಅಣ್ಣ ತನ್ನ ಎದೆಯ ಎಕ್ಸ್‌ರೇ ಹಿಡಿದು ಬಂದ. “ಡಾಕ್ಟರ್ ಇಂಗ್ಲಿಷ್‌ನ್ಯಾಗ ಏನೇನೋ ಬರ್ದಾರ. ಹೆಡ್‌ಮಾಸ್ತರಿಗೇ ಅಂಜಲಿಲ್ಲಂತ ನೀ. ನೀ ಅಂದಿದ್ದೇ ಖರೆ. ನೋಡಿ ಹೇಳು.”

ಕಿಟಕಿಗೆ ಹಿಡಿದು ನೋಡಿದೆ. ಕಪ್ಪಗಿರಬೇಕಾದ ಎರಡೂ ಶ್ವಾಸಕೋಶಗಳ ತುಂಬ ಬಿಳಿ ಚುಕ್ಕಿಗಳು. ಎದೆಯಲ್ಲಿ ಧೂಳು ಕೂತಿದೆ, ಈ ಕೆಲಸ ಕೂಡಲೇ ಬಿಡಬೇಕು, ದೊಡ್ಡ ಆಸ್ಪತ್ರೆಗೆ ತೋರಿಸಬೇಕು ಎಂದು ಚೀಟಿಯಲ್ಲಿತ್ತು. ತಿರುಗಿದರೆ ಅಣ್ಣ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಾನೆ. ನನಗೆ ಹೆದರಿಕೆಯಾಯಿತು.

“ಏನಿಲ್ಲಣ್ಣ, ಹಳೇ ಕೆಮ್ಮಿನ ಕಲೆ. ಬಿಸಿನೀರು ಕುಡಿ.”

ಅವನು ನಿರಾಳವಾಗಿ ನಕ್ಕು ಹೊರಟ. ಸೋಮವಾರ ಮತ್ತೆ ಮಷಿನ್ ಮುಂದೆ ಕೂತ. ಪ್ರದರ್ಶನ ಮುಗಿಯಲಿ, ಹೇಳಿದರಾಯಿತು ಎಂದುಕೊಂಡೆ. ಪ್ರದರ್ಶನ ಮುಗಿಯಿತು, ಬಹುಮಾನ ಬಂತು, ಪರೀಕ್ಷೆಗಳು ಬಂದವು. ಮರುವರ್ಷದ ಮಳೆಗಾಲಕ್ಕೆ ಅಣ್ಣ ಉಳಿಯಲಿಲ್ಲ.

ತಿಂಗಳ ಮೇಲೆ ಮಾತಾಡಿಸಲು ಹೋದಾಗ ವೈನಿ, ಅಣ್ಣನ ಹೆಂಡತಿ, ನನ್ನ ಮುಂದೆ ಚಹಾ ಇಟ್ಟು ಕೇಳಿದರು. “ಆ ಎದಿ ಫೋಟೊದಾಗ ಖರೇನೇ ಏನೂ ಇದ್ದಿಲ್ಲೇನ್ರಿ?”

“ಇದ್ದಿಲ್ಲ ವೈನಿ.”

“ಹಂಗಾದ್ರ ನಮ್ಮ ನಸೀಬ. ನೀವು ಸುಳ್ಳ ಹೇಳೋರಲ್ಲ ಅಂತ ಅವರು ಭಾಳ ಅಂತಿದ್ರು.”

ಚಹಾ ಪೂರ್ತಿ ಕುಡಿದೇ ಎದ್ದೆ. ಅಣ್ಣ ತಂದ ಧೂಳಿನ ಧೂಮಕೇತು ಶಾಲೆಯ ಕಪಾಟಿನಲ್ಲಿ ಇನ್ನೂ ಕಪ್ಪಗೇ ಇದೆ. ಅದಕ್ಕೆ ಸುಣ್ಣ ಹಚ್ಚಲು ನಾನು ಈಗಲೂ ಯಾರನ್ನೂ ಬಿಡುವುದಿಲ್ಲ.