ನಮ್ಮ ಮಾವನ ವಿಸರ್ಜನಾ ಪುರಾಣ

ನಮ್ಮ ಸೋದರಮಾವನಿಗೆ ಮೂತ್ರದ ವಿಷಯ ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ ಎಂದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಸ್ವಲ್ಪ ತಾಳಿ! ಮನುಷ್ಯರದ್ದಲ್ಲ, ಬೆನ್ನುಮೂಳೆಯಿಲ್ಲದ ಪ್ರಾಣಿಗಳದ್ದು. ಮಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹುಳುಹುಪ್ಪಟೆಗಳು ಒಳಗಿನ ಕೊಳೆಯನ್ನು ಹೊರಹಾಕುವ ಅಂಗಗಳನ್ನು ಯುಗಯುಗಗಳಲ್ಲಿ ಹೇಗೆ ಸಂಪಾದಿಸಿಕೊಂಡವು ಎಂಬುದೇ ಅವನ ಸಂಶೋಧನೆ. ಐವತ್ತರ ದಶಕದ ಮೊದಲಲ್ಲಿ ಅವನು ಬಸವನಗುಡಿಯ ನಮ್ಮ ಮನೆಯಲ್ಲೇ ಇದ್ದ. ಉಪನ್ಯಾಸಕ್ಕೆ ಅವನಿಗೆ ಇಷ್ಟವಾದ ಹೊತ್ತು ಯಾವುದು ಅಂತೀರಿ? ಊಟದ ಹೊತ್ತು!

"ಅಮೀಬಾಕ್ಕೆ ಅಂಗ ಅಂತ ಏನೂ ಇಲ್ಲ ಅಕ್ಕ, ಒಂದು ಗುಳ್ಳೆ ಅಷ್ಟೆ. ನೀರು ತುಂಬುತ್ತೆ, ಒಡೆಯುತ್ತೆ. ಚಪ್ಪಟೆ ಹುಳೂಗೆ ಬರೋ ಹೊತ್ತಿಗೆ ನೋಡು, ನಳಿಗೆ ತುದೀಲಿ ದೀಪದ ಕುಡಿ ಥರ ಅಲ್ಲಾಡೋ ರೋಮ ಬಂದ್ಬಿಡ್ತು. ಆಹಾ!"

"ಸಾರು ಹಾಕ್ಲಾ, ಸಾಕಾ?" ಅಮ್ಮ ಹಲ್ಲು ಕಚ್ಚಿ ಕೇಳುತ್ತಿದ್ದಳು.

"ಹಾಕು. ಸೀಗಡಿಗಂತೂ ಆ ಅಂಗ ಇರೋದು ಮೀಸೆ ಬುಡದಲ್ಲಿ!"

ಮಜ್ಜಿಗೆ ಕುಡಿಯುತ್ತಿದ್ದ ನಮ್ಮ ತಂದೆಗೆ ದಪ್ಪ ಮೀಸೆ. ಲೋಟ ಕೆಳಗಿಟ್ಟು ಎದ್ದೇಬಿಟ್ಟರು.

ಅಡುಗೆಮನೆಯಲ್ಲಿ ಅಮ್ಮ ಜಿರಲೆಗೆ ಪೊರಕೆ ಎತ್ತಿದರೆ ಮಾವ ಅಡ್ಡ ನಿಲ್ಲುತ್ತಿದ್ದ. "ಹೊಡೀಬೇಡ ಅಕ್ಕ! ಅಮೀಬಾದಿಂದ ಇಲ್ಲೀವರೆಗೆ ಬರೋಕೆ ಎಷ್ಟು ಕೋಟಿ ವರ್ಷ ಹಿಡೀತು ಗೊತ್ತಾ?"

"ಬಚ್ಚಲಿಂದ ಇಲ್ಲೀವರೆಗೆ ಬರೋಕೆ ಒಂದೇ ನಿಮಿಷ ಹಿಡೀತು. ಸರ್ಕೋ!"

ಇಂಥವನಿಗೆ ಹೆಣ್ಣು ನೋಡಲು ಮಲ್ಲೇಶ್ವರಕ್ಕೆ ಹೋದೆವು. ಜಟಕಾದಲ್ಲಿ ದಾರಿಯುದ್ದಕ್ಕೂ ಅಮ್ಮ ಅವನಿಂದ ಮಾತು ತೆಗೆದುಕೊಂಡಿದ್ದಳು: ಹುಳುವಿನ ಸುದ್ದಿ ಕೂಡದು. ಆದರೆ ಹುಡುಗಿಯ ತಂದೆ, ಪಾಪ, ಚಕ್ಕುಲಿ ಮೆಲ್ಲುತ್ತ, "ಏನು ಸಂಶೋಧನೆ ಮಾಡ್ತಿದೀರಿ?" ಎಂದು ಕೇಳಿಬಿಟ್ಟರು! ಮಾವ ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿ ಹಿಡಿದ. "ಎರೆಹುಳು ಮೈಯೊಳಗೆ ಉಂಗುರಕ್ಕೊಂದರ ಹಾಗೆ ಹೀಗೇ ಸುರುಳಿ ಸುತ್ತಿದ ನಳಿಗೆ ಇರುತ್ತೆ ಸಾರ್. ಕಶ್ಮಲವೆಲ್ಲ ಹೊರಗೆ ಹೋಗೋದು ಇದರಲ್ಲೇ."

ಅವರು ಬಾಯಲ್ಲಿದ್ದದ್ದನ್ನು ನುಂಗಲೂ ಆರದೆ ಉಗಿಯಲೂ ಆರದೆ ಕೂತರು. ವಾರದಲ್ಲಿ ಕಾಗದ ಬಂತು, ಜಾತಕ ಕೂಡಿಬರಲಿಲ್ಲವಂತೆ. ನಾವು ಜಾತಕವನ್ನು ಇನ್ನೂ ಕೊಟ್ಟೇ ಇರಲಿಲ್ಲ!

ಮಾರನೆಯ ವರ್ಷ ಅಮ್ಮನ ಮುಖ, ಕಾಲು ಊದಿಕೊಂಡವು. ಮೂತ್ರಪಿಂಡದ ಕಾಯಿಲೆ ಎಂದರು ಡಾಕ್ಟರು. ಉಪ್ಪು ನಿಲ್ಲಿಸಿ, ದಿನವೂ ಮೂತ್ರವನ್ನು ಅಳೆದು ಬರೆದಿಡಬೇಕೆಂದರು. ಅಮ್ಮ ಗೋಡೆಯ ಕಡೆ ತಿರುಗಿದಳು. "ಸತ್ರೂ ಸರಿ, ಅದನ್ನ ಯಾರ ಕೈಲೂ ಮುಟ್ಟಿಸಲ್ಲ." ನನ್ನನ್ನೂ ಹತ್ತಿರ ಬಿಡಲಿಲ್ಲ.

ಮಾವ ಕಾಲೇಜಿಗೆ ರಜಾ ಹಾಕಿ, ಗೆರೆ ಕೊರೆದ ಗಾಜಿನ ಜಾಡಿಯೊಂದನ್ನು ತಂದು ಮಂಚದ ಪಕ್ಕದಲ್ಲಿ ಕೂತ. "ಎರೆಹುಳೂದು ನೋಡಿದೀನಿ, ಜಿರಲೇದು ನೋಡಿದೀನಿ. ನಿಂದು ನೋಡೋಕೆ ನಂಗೇನು ನಾಚಿಕೆ ಅಕ್ಕ?"

ಊದಿದ ಮುಖದಲ್ಲೇ ಅಮ್ಮ ನಕ್ಕುಬಿಟ್ಟಳು. ಒಪ್ಪಿದಳು.

ಆರು ವಾರ ಅವನೇ ಎತ್ತಿದ, ಅಳೆದ, ಬರೆದ, ತೊಳೆದ. ಮೊದಮೊದಲು ಜಾಡಿಯ ತಳವಷ್ಟೇ ಒದ್ದೆಯಾಗುತ್ತಿತ್ತು. ಆ ದಿನಗಳಲ್ಲಿ ಮಾವ ಊಟಕ್ಕೆ ಕೂತರೆ ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಗೆರೆ ಗೆರೆಯಾಗಿ ಏರತೊಡಗಿತು. ಅಮ್ಮನ ಕಾಲಿನ ಬಾವು ಇಳಿಯಿತು. ಒಂದು ಬೆಳಿಗ್ಗೆ ಡಾಕ್ಟರು, "ಇನ್ನು ಭಯವಿಲ್ಲ" ಎಂದು ಹೇಳಿ ಹೋದರು.

ಸುದ್ದಿ ಹೇಳಲು ನಾನು ಹಿತ್ತಲಿಗೆ ಓಡಿದೆ. ಮಾವನಿಗೆ ಡಾಕ್ಟರ ಮಾತು ಕಿಟಕಿಯಿಂದಲೇ ಕೇಳಿಸಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು, ಆಗಲೇ ಶುಭ್ರವಾಗಿದ್ದ ಜಾಡಿಯನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ. ಭುಜ ಅಲುಗುತ್ತಿತ್ತು.

"ಯಾಕೆ ಮಾವ, ಅಳ್ತಿದೀಯಾ?"

ತೋಳಿನಿಂದ ಕಣ್ಣೊರೆಸಿಕೊಂಡ. "ನಮ್ಮಮ್ಮ ಹೋದಾಗ ನಂಗೆ ಎರಡು ವರ್ಷ ಕಣೇ. ನನ್ನ ಒದ್ದೆ ಬಟ್ಟೆ ಎಲ್ಲಾ ಒಗೆದೋಳು ಇವಳೇ."